ಅರಿಶಿನದ ಹಾಳೆ

ಬಿ.ಎಡ್. ಓದುವಾಗ ಕರಿಹಲಗೆಯ ಮೇಲೆ ಸಾಲು ಓರೆಯಾಗದಂತೆ ಬರೆಯುವುದನ್ನು ಕಲಿಸಿದ್ದರು. ಮಕ್ಕಳಿಗೆ ಬೆನ್ನು ಮಾಡಿ ಬಹಳ ಹೊತ್ತು ನಿಲ್ಲಬಾರದೆಂದೂ ಹೇಳಿದ್ದರು. ಎದುರಿಗೆ ಮಕ್ಕಳೇ ಇಲ್ಲದಾಗ ಪಾಠ ಮಾಡುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ ಮೇಲೆ ಅದನ್ನೂ ಕಲಿಯಬೇಕಾಯಿತು.

ನನಗೆ ಗುರುವಾದವಳು ನನ್ನ ಮಗಳೇ. ಜುಲೈ ತಿಂಗಳ ಒಂದು ಬೆಳಿಗ್ಗೆ, ಕುಕ್ಕರ್ ಕೂಗದ ಹೊತ್ತು ನೋಡಿಕೊಂಡು, ಮೊಬೈಲನ್ನು ಸ್ಟೀಲ್ ಡಬ್ಬಕ್ಕೆ ಒರಗಿಸಿ ಹತ್ತನೆಯ ತರಗತಿಯ ಆಮ್ಲ, ಪ್ರತ್ಯಾಮ್ಲಗಳ ಪಾಠ ಮಾಡಿದೆ. ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ‘ಅರಿಶಿನದ ನೀರಿನಲ್ಲಿ ಬಿಳಿ ಹಾಳೆ ಅದ್ದಿ ಒಣಗಿಸಿ. ಅದರ ಮೇಲೆ ಸೋಪಿನ ನೀರು ಬಿಟ್ಟು, ಏನಾಯಿತೆಂದು ಫೋಟೊ ಕಳಿಸಿ’ ಎಂದೆ. ಕೆಂಪಾದ ಹಾಳೆಗಳ ಫೋಟೊಗಳು ಒಂದರ ಹಿಂದೊಂದು ಬಂದವು. ನನಗೋ ಹಿಗ್ಗು! ಕಳಿಸದವರ ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಎಂದು ಬರೆದುಕೊಂಡೆ.

ಆಗಸ್ಟ್‌ನಲ್ಲಿ ಸರ್ಕಾರದ ‘ವಿದ್ಯಾಗಮ’ ಶುರುವಾಯಿತು. ಮಕ್ಕಳು ಶಾಲೆಗೆ ಬರುವಂತಿರಲಿಲ್ಲ, ನಾವೇ ಅವರ ಊರಿಗೆ ಹೋಗಬೇಕು. ದೇವಸ್ಥಾನದ ಜಗಲಿಯ ಮೇಲೆ ಮಾಸ್ಕ್ ಹಾಕಿಕೊಂಡು ದೂರದೂರ ಕುಳಿತಿದ್ದ ಮಕ್ಕಳಲ್ಲಿ ಒಬ್ಬಳು ಎದ್ದು ನೋಟ್‌ಬುಕ್ ತೋರಿಸಿದಳು. ಒಳಗೆ ಅರಿಶಿನದ ಹಾಳೆ. ಸೋಪು ತಾಗಿದಲ್ಲಿ ಕೆಂಪು, ಆ ಕೆಂಪಿನ ನಡುವೆ ಮತ್ತೆ ಒಂದು ಹಳದಿ ಬೊಟ್ಟು.

“ಇದೇನಮ್ಮಾ?”

“ನಿಂಬೆಹುಳಿ ಸಾರ್. ಹಾಕಿದ್ರೆ ಏನಾಗುತ್ತೆ ಅಂತ ನೋಡ್ದೆ.”

“ಫೋಟೊ ಯಾಕೆ ಕಳಿಸಲಿಲ್ಲ?”

“ಫೋನು ಅಪ್ಪಂದು ಸಾರ್. ಗಾರೆ ಕೆಲಸ ಮುಗಿಸಿ ಬರೋದು ರಾತ್ರಿ ಆಗುತ್ತೆ. ಪಾಠ ನೋಡೋಷ್ಟರಲ್ಲಿ ನೆಟ್ ಖಾಲಿ ಆಯ್ತು.”

ನಾನು ಹೇಳದೇ ಇದ್ದ ಪ್ರಯೋಗವನ್ನು ಆ ಹುಡುಗಿ ತಾನಾಗಿ ಮಾಡಿದ್ದಳು. ನನ್ನ ಪಟ್ಟಿಯಲ್ಲಿ ಅವಳು ‘ಆಸಕ್ತಿ ಇಲ್ಲ’ದವಳು! ಮನೆಗೆ ಬಂದವನೇ ಆ ಪುಟವನ್ನು ಹರಿದು ಹಾಕಿದೆ. ಅಂದಿನಿಂದ ಪಾಠವನ್ನು ಐದೇ ನಿಮಿಷಕ್ಕೆ ಇಳಿಸಿದೆ, ರಾತ್ರಿ ಎಂಟರ ಮೇಲೆ ಕಳಿಸತೊಡಗಿದೆ. ಉತ್ತರ ಫೋಟೊದಲ್ಲೇ ಬರಲಿ ಎಂಬ ಹಟವನ್ನೂ ಬಿಟ್ಟೆ.

ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ನಿಂತಿತು. ಆಮೇಲೆ ಶಾಲೆಗಳು ತೆರೆದವು. ಕಲಿತ ವಿದ್ಯೆಯನ್ನು ನಾನೇನೂ ಮರೆತಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ‘ದೀಕ್ಷಾ’ದ ಪಾಠ ತೆರೆದು ತೋರಿಸುತ್ತೇನೆ. ಜ್ವರ ಬಂದು ಮಲಗಿದ ಮಗುವಿಗೆ ಅಂದಿನ ಪಾಠವನ್ನು ಫೋನಿನಲ್ಲೇ ಕಳಿಸುತ್ತೇನೆ. ಒಂದು ಪಾಠವನ್ನು ಹತ್ತು ಸಲ ಬೇಸರವಿಲ್ಲದೆ ಹೇಳುವ ತಾಳ್ಮೆ ಯಂತ್ರಕ್ಕಿದೆ, ನನಗಿಲ್ಲ.

ಆದರೆ ಪಾಠ ಯಾರಿಗೆ ತಲುಪಲಿಲ್ಲ, ಏಕೆ ತಲುಪಲಿಲ್ಲ ಎಂದು ವಿಚಾರಿಸಬೇಕಾದವರು ನಾವೇ. ತಂದೆ ತಾಯಂದಿರೇ, ನಿಮ್ಮ ಮನೆಯಲ್ಲಿ ಫೋನು ಯಾವ ಹೊತ್ತಿಗೆ ಮಗುವಿನ ಕೈಗೆ ಸಿಗುತ್ತದೆ ಎಂಬುದನ್ನು ಮೇಷ್ಟರಿಗೆ ಸಂಕೋಚವಿಲ್ಲದೆ ತಿಳಿಸಿ. ಮಕ್ಕಳೇ, ನೀವು ನಿಂಬೆಹುಳಿ ಹಾಕಿ ನೋಡುವುದನ್ನು ಬಿಡಬೇಡಿ.

ಆ ಅರಿಶಿನದ ಹಾಳೆಯನ್ನು ಕೇಳಿ ಪಡೆದುಕೊಂಡೆ. ಬಣ್ಣ ಮಾಸಿದೆ. ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ.