ಓಡುವ ಗಾಡಿ, ನಿಲ್ಲುವ ಗಾಡಿ

ಪವಾಯಿ ಕೆರೆಯ ಸಮೀಪ ಮನೆ ಮಾಡಿ ನನಗೆ ಮೂವತ್ತು ವರ್ಷಗಳ ಮೇಲಾಯಿತು. ಈ ಊರಿನಲ್ಲಿ ಚಳಿಗಾಲವೆಂಬುದು ಒಂದು ಮರ್ಯಾದೆಯ ಮಾತು ಮಾತ್ರ. ಜನವರಿಯ ಬೆಳಗಿನಲ್ಲಿ ಹಾಲು ತರಲು ಹೋಗುವಾಗ ನಾನು ಮಫ್ಲರು ಸುತ್ತಿಕೊಳ್ಳುವುದುಂಟು. ಅದು ಚಳಿಗಾಗಿ ಅಲ್ಲ, ವರ್ಷವೆಲ್ಲ ಪೆಟ್ಟಿಗೆಯಲ್ಲಿ ಬಿದ್ದಿರುವ ಮಫ್ಲರಿಗೆ ಸ್ವಲ್ಪ ಗಾಳಿಯಾಡಲಿ ಎಂದು. ಇಂಥ ನನ್ನನ್ನು ಕಳೆದ ನವರಾತ್ರಿಯ ಸಮಯದಲ್ಲಿ ಮಗಳು ಕೆನಡಾದಿಂದ ಫೋನಿನಲ್ಲಿ ಕರೆದು, “ಅಪ್ಪಾ, ಚಳಿಗಾಲದಲ್ಲಿ ದಿನವೂ ದೂರ ಓಡಿಸುವುದಕ್ಕೆ ಯಾವ ಕಾರು ತೆಗೆದುಕೊಳ್ಳಲಿ?” ಎಂದು ಕೇಳಿದಳು. ಬೇಸಾಯದ ಮಾತನ್ನು ಮೀನುಗಾರನಲ್ಲಿ ಕೇಳಿದಂತಾಯಿತು. ಆದರೂ ಮಕ್ಕಳು ದೊಡ್ಡವರಾದ ಮೇಲೆ ಸಲಹೆ ಕೇಳುವುದೇ ಅಪರೂಪ. ಕೇಳಿದಾಗ “ನನಗೆ ತಿಳಿಯದು” ಎನ್ನುವ ತಂದೆ ಇನ್ನೂ ಹುಟ್ಟಿಲ್ಲ.

ಮಗಳೂ ಅಳಿಯನೂ ಟೊರಾಂಟೊ ನಗರದ ಬಾಡಿಗೆಗೆ ಹೆದರಿ, ಅದರ ಉತ್ತರಕ್ಕಿರುವ ಬ್ಯಾರಿ ಎಂಬ ಊರಿನಲ್ಲಿ ಮನೆ ಕೊಂಡಿದ್ದಾರೆ. ಊರಿನ ಹೆಸರು ಕೇಳಿದ ದಿನ ನನ್ನಾಕೆ, “ಬ್ಯಾರಿಗಳ ಊರೇ? ಹಾಗಾದರೆ ನಮ್ಮ ಮಂಗಳೂರಿನವರೇ ಸಿಗುತ್ತಾರಲ್ಲ!” ಎಂದು ಸಮಾಧಾನಪಟ್ಟಿದ್ದಳು. ಕೆಲಸದ ಪ್ರಯೋಗಾಲಯ ಟೊರಾಂಟೊದಲ್ಲಿ; ಒಂದು ದಿಕ್ಕಿಗೆ ಸುಮಾರು 90 ಕಿಲೋಮೀಟರು. 400ನೆಯ ನಂಬರಿನ ಹೆದ್ದಾರಿಯಲ್ಲಿ ಬೆಳಗಿನ ಐದು ಗಂಟೆಗೆ ಹೊರಡಬೇಕು. ಆ ದಾರಿಯ ಪಶ್ಚಿಮಕ್ಕೆ ಜಾರ್ಜಿಯನ್ ಕೊಲ್ಲಿ ಇದೆ. ಚಳಿಗಾಲದ ಆರಂಭದಲ್ಲಿ ಅದರ ನೀರು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಅದರ ಮೇಲೆ ಬೀಸುವ ಕೊರೆಯುವ ಗಾಳಿ ನೀರಿನ ಹಬೆಯನ್ನು ಹೀರಿಕೊಂಡು ಬಂದು, ದಡ ಮುಟ್ಟಿದ ಮೇಲೆ ಹಿಮವಾಗಿ ಸುರಿಸುತ್ತದೆ. ಹತ್ತು ನಿಮಿಷದ ಹಿಂದೆ ಬಿಸಿಲಿದ್ದ ಕಡೆ ಮುಂದಿನ ಲಾರಿಯ ಬೆನ್ನೂ ಕಾಣದಂತಾಗುತ್ತದೆ. ನಮ್ಮ ಕೆರೆ ಹೆಚ್ಚೆಂದರೆ ಜುಲೈಯಲ್ಲಿ ತುಂಬಿ ಮಿಠಿ ನದಿಗೆ ಹರಿದೀತು. ಅಲ್ಲಿಯ ಕೆರೆಗಳು ಗಾಳಿಯ ಹೆಗಲೇರಿ ರಸ್ತೆಗೇ ಬರುತ್ತವೆ.

ಮಗಳಿಗೆ ಬೇಕಾದದ್ದು ವೇಗದ ಕಾರು, ಅದೂ ಆಲ್ ವ್ಹೀಲ್ ಡ್ರೈವ್. ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್, ಸುಬಾರು ಡಬ್ಲ್ಯು ಆರ್ ಎಕ್ಸ್ ಎಂದು ಎರಡು ಹೆಸರು ಹೇಳಿದಳು. “ದಿನಕ್ಕೆ ಎರಡು ಸಲ ಅಷ್ಟು ದೂರ ಕೂತುಕೊಳ್ಳುವವಳು ನಾನು. ಓಡಿಸುವುದರಲ್ಲಿ ಸ್ವಲ್ಪ ಸಂತೋಷವೂ ಇರಬೇಡವೇ? ನಾಲ್ಕು ಚಕ್ರಕ್ಕೂ ಶಕ್ತಿ ಇದ್ದ ಮೇಲೆ ಹಿಮಕ್ಕೆ ಹೆದರುವುದೇಕೆ?” ಎಂಬುದು ಅವಳ ವಾದ. ಮೊದಲನೆಯ ಮಾತು ನ್ಯಾಯವೇ. ಸಂತೋಷವಿಲ್ಲದ ಗಾಡಿಯಲ್ಲಿ ನಿದ್ದೆ ಬರುತ್ತದೆ. ನನ್ನನ್ನು ಚುಚ್ಚಿದ್ದು ಎರಡನೆಯ ಮಾತು. ಅದೇ ಮಾತನ್ನು ನಾನೊಮ್ಮೆ ಆಡಿದ್ದೆ.

ಆಗ ನಾನು ಪವಾಯಿಯಿಂದ ತಳೋಜಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ವಿಕ್ರೋಲಿ ದಾಟಿ, 1999ರಲ್ಲಿ ಆದ ಐರೋಳಿ ಸೇತುವೆಯ ಮೇಲೆ ಹಾಯ್ದು, ಮಹಾಪೆಯ ಮೂಲಕ ಸುಮಾರು 35 ಕಿಲೋಮೀಟರು. ಮುಂಬಯಿಯವನಿಗೆ ಚಳಿಗಾಲವಿಲ್ಲದಿದ್ದರೇನು, ಮಳೆಗಾಲವಿದೆಯಲ್ಲ! ನಾಲ್ಕು ತಿಂಗಳು ಹೊಂಡ, ಕೆಸರು, ಮೊಣಕಾಲು ನೀರು. ಆದ್ದರಿಂದ ನಾಲ್ಕು ಚಕ್ರಕ್ಕೂ ಶಕ್ತಿ ಕೊಡಬಹುದಾದ ಒಂದು ಹಳೆಯ ಜೀಪನ್ನು ಕೊಂಡೆ. ಕಟ್ಟಡದ ಎಲ್ಲ ಕಾರುಗಳೂ ಹೊಂಡದಲ್ಲಿ ತಿಣುಕುತ್ತಿರುವಾಗ ನಾನು ಸನ್ನೆಗೋಲನ್ನು ಎಳೆದು ಗುಡುಗುತ್ತ ಮೇಲೇರಿ ಬರುತ್ತಿದ್ದೆ. ನೆರೆಯವರ ಕಾರುಗಳನ್ನು ಹಗ್ಗ ಕಟ್ಟಿ ಎಳೆದದ್ದೂ ಉಂಟು. ಆ ಅಹಂಕಾರದಲ್ಲಿ ಟಯರುಗಳು ಬೋಳಾಗಿದ್ದನ್ನು ನೋಡಲಿಲ್ಲ. ನೋಡಿದ್ದರೂ, “ನಾಲ್ಕು ಚಕ್ರದ ಗಾಡಿಗೆ ಏನಾದೀತು?” ಎನ್ನುತ್ತಿದ್ದೆ.

2004ರ ಜುಲೈಯ ಒಂದು ಬೆಳಗು. ಜಡಿಮಳೆ. ಸೇತುವೆಯಿಂದ ಐರೋಳಿಯ ಕಡೆಗೆ ಇಳಿಯುತ್ತಿದ್ದೇನೆ. ಮುಂದೆ ಶಾಲೆಯ ಮಕ್ಕಳನ್ನು ತುಂಬಿದ ಒಂದು ವ್ಯಾನು ನಿಂತಿತು. ನಾನು ಬ್ರೇಕು ತುಳಿದೆ. ಚಕ್ರಗಳು ನಿಂತವು, ಗಾಡಿ ನಿಲ್ಲಲಿಲ್ಲ. ನೀರಿನ ಮೇಲೆ ದೋಣಿಯಂತೆ, ಸದ್ದಿಲ್ಲದೆ ತೇಲುತ್ತ ಹೋಯಿತು. ವ್ಯಾನಿನ ಹಿಂದಿನ ಕಿಟಕಿಯಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಗಾಜಿನ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದಳು. ಕೈಗಳು ತಾವಾಗಿಯೇ ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದವು. ಬ್ರೇಕು ಬಿಟ್ಟ ಗಳಿಗೆಯಲ್ಲಿ ಚಕ್ರ ನೆಲ ಕಚ್ಚಿತು. ಜೀಪು ಕಟ್ಟೆಗೆ ಉಜ್ಜಿಕೊಂಡು ನಿಂತಾಗ ವ್ಯಾನಿಗೂ ನನಗೂ ಒಂದು ಗೇಣು ಅಂತರ. ಹುಡುಗಿ ನನ್ನ ಕಡೆ ನೋಡಿ ನಕ್ಕಳು. ಅವಳಿಗೆ ಏನೂ ತಿಳಿಯಲಿಲ್ಲ. ವ್ಯಾನು ಹೊರಟುಹೋಯಿತು. ನಾನು ಅಲ್ಲೇ ಅರ್ಧ ಗಂಟೆ ಕುಳಿತಿದ್ದೆ. ಆ ವರ್ಷ ನನ್ನ ಮಗಳಿಗೂ ಹತ್ತು ವಯಸ್ಸು, ಎರಡು ಜಡೆ.

ಈ ಸಂಗತಿಯನ್ನು ನಾನು ಯಾರಲ್ಲೂ ಹೇಳಿರಲಿಲ್ಲ. ಅಂದು ಸಂಜೆ ನಾಲ್ಕೂ ಟಯರು ಹೊಸದು ಹಾಕಿಸಿದೆ. ಮನೆಯಲ್ಲಿ ಆ ಮಾತೆತ್ತಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಾನದಲ್ಲಿ ಬಿದ್ದ ಕಥೆಯನ್ನು ಹಲ್ಲಿಯೇ ಯಾಕೆ ಹೇಳೀತು?

ಈಗ ಮಗಳಿಗೆ ಹೇಗೆ ತಿಳಿಸುವುದು? ಮೊದಲು ಶಾಸ್ತ್ರವನ್ನೇ ಹೇಳಿ ನೋಡಿದೆ. ಸಾಧಾರಣ ಕಾರಿನಲ್ಲಿ ಎರಡು ಚಕ್ರಗಳು ದುಡಿಯುತ್ತವೆ. ಉಳಿದೆರಡು ದಿಬ್ಬಣದ ಹಿಂದಿನ ನೆಂಟರಂತೆ ಸುಮ್ಮನೆ ಬರುತ್ತವೆ. ಆಲ್ ವ್ಹೀಲ್ ಡ್ರೈವಿನಲ್ಲಿ ಎಂಜಿನಿನ ಬಲ ನಾಲ್ಕಕ್ಕೂ ಹಂಚಿಹೋಗುತ್ತದೆ. ಒಂದು ಜಾರಿದರೆ ಹಿಡಿತವಿರುವ ಇನ್ನೊಂದು ಎಳೆಯುತ್ತದೆ. ಕೆಸರಿನಲ್ಲಿ ಹೂತ ಬಂಡಿಗೆ ಮತ್ತೊಂದು ಜೊತೆ ಎತ್ತು ಕಟ್ಟಿದಂತೆ. ಹಿಮದಲ್ಲಿ ಹೊರಡುವುದಕ್ಕೆ, ಏರು ಹತ್ತುವುದಕ್ಕೆ ಅದರಂಥ ಉಪಕಾರಿ ಇಲ್ಲ. ಆದರೆ ನಿಲ್ಲಿಸುವಾಗ? ಬ್ರೇಕು ಅತ್ಯಂತ ಅಗ್ಗದ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಆದ್ದರಿಂದ ನಿಲ್ಲುವ ವಿಷಯದಲ್ಲಿ ದುಬಾರಿ ಗಾಡಿಗೆ ಆಲ್ ವ್ಹೀಲಿನಿಂದ ಕಾಸಿನ ಲಾಭವಿಲ್ಲ. ಎತ್ತು ಎರಡಿರಲಿ ನಾಲ್ಕಿರಲಿ, ಇಳಿಜಾರಿನಲ್ಲಿ ನೆಲ ಹಿಡಿಯಬೇಕಾದದ್ದು ಕಾಲಿನ ಲಾಳ. ಕಾರಿನ ಲಾಳವೆಂದರೆ ಟಯರು.

ಲೆಕ್ಕವನ್ನೂ ಹೇಳಿದೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಬ್ರೇಕು ಹಿಡಿದರೆ ಒಣ ಡಾಂಬರಿನ ಮೇಲೆ ಸುಮಾರು 15 ಮೀಟರಿನಲ್ಲಿ ನಿಲ್ಲಬಹುದು. ಒತ್ತಿ ಗಟ್ಟಿಯಾದ ಹಿಮದ ಮೇಲೆ 50 ಮೀಟರು ಬೇಕಾದೀತು. ಮಂಜುಗಡ್ಡೆಯ ಮೇಲೆ 100ರ ಹತ್ತಿರ. ವೇಗ ಎರಡು ಪಟ್ಟಾದರೆ ದೂರ ಎರಡಲ್ಲ, ನಾಲ್ಕು ಪಟ್ಟು. ಸಾಧಾರಣ ಟಯರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿಗಿಯುತ್ತ ಹೋಗುತ್ತದೆ, ಚಳಿಯಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿದ ಹಾಗೆ. ಚಳಿಗಾಲದ ಟಯರನ್ನು ಆಗಲೂ ಮೆತ್ತಗಿರುವ ರಬ್ಬರಿನಿಂದ ಮಾಡುತ್ತಾರೆ. ಅದರ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹೂವು, ಹೀಗೊಂದು ಗುರುತು ಇರುತ್ತದೆ. ಪಕ್ಕದ ಕ್ವಿಬೆಕ್ ಪ್ರಾಂತದಲ್ಲಿ 2008ರಿಂದ ಚಳಿಗಾಲದಲ್ಲಿ ಇಂಥ ಟಯರು ಕಡ್ಡಾಯ. ಅವಳಿರುವ ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ. ಆದರೆ ಹಾಕಿಸಿದವರಿಗೆ ವಿಮೆಯ ಕಂಪನಿಗಳು ರಿಯಾಯಿತಿ ಕೊಡಬೇಕೆಂದು 2016ರಿಂದ ನಿಯಮವಿದೆ. ವೇಗದ ಗಾಡಿ ಮಾಡುವವರಿಗೂ ಈ ಮರ್ಮ ಗೊತ್ತಿತ್ತು. 1966ರಲ್ಲಿ ಇಂಗ್ಲೆಂಡಿನ ಜೆನ್ಸನ್ ಕಂಪನಿ ಎಫ್ ಎಫ್ ಎಂಬ ವೇಗದ ಕಾರಿನ ನಾಲ್ಕು ಚಕ್ರಕ್ಕೂ ಬಲ ಕೊಟ್ಟಾಗ, ಬ್ರೇಕಿನಲ್ಲಿ ಚಕ್ರ ಬಿಗಿದು ಜಾರದಂತೆ ಕಾಯುವ ಉಪಕರಣವನ್ನೂ ಜೊತೆಗೇ ಇಟ್ಟಿತ್ತು. ಓಡುವ ವರ ಕೊಟ್ಟವನು ನಿಲ್ಲುವ ವರವನ್ನೂ ಕೊಡಬೇಕು.

ಮಗಳು ಎಲ್ಲವನ್ನೂ ಕೇಳಿ, “ಸರಿಯಪ್ಪ, ಈ ವರ್ಷ ಕಾರಿಗೇ ಹಣ ಮುಗಿಯುತ್ತದೆ. ಟಯರು ಮುಂದಿನ ವರ್ಷ ನೋಡೋಣ” ಎಂದಳು. ಶಾಸ್ತ್ರ ಸೋತಿತು. ಆಗ ನಾನು ಐರೋಳಿಯ ಬೆಳಗಿನ ಕಥೆಯನ್ನು ಹೇಳಿದೆ. ವ್ಯಾನು, ಕಿಟಕಿ, ಎರಡು ಜಡೆ, ಒಂದು ಗೇಣು, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ಇಷ್ಟು ವರ್ಷಗಳ ಮೇಲೂ ನನ್ನ ಕೈ ನಡುಗಿತು. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಕೊನೆಗೆ, “ಯಾಕಪ್ಪ ಇದನ್ನು ಹೇಳಿಯೇ ಇರಲಿಲ್ಲ?” ಎಂದಳು. “ನೀನು ಕಾರು ಓಡಿಸುವಷ್ಟು ದೊಡ್ಡವಳಾಗಲಿ ಎಂದು ಕಾದೆ” ಎಂದೆ. ಅದು ಸುಳ್ಳು, ಅವಳಿಗೂ ಗೊತ್ತು.

ಇನ್ನೊಂದು ಮಾತನ್ನೂ ಸೇರಿಸಿದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿತ್ತಲ್ಲ, ಅಂದು ನನ್ನಲ್ಲಿ ಅದೇ ಜೀಪು, ಹೊಸ ಟಯರು. ಹೊರಡಬಹುದಿತ್ತು. ಹೊರಡಲಿಲ್ಲ. ಕಾರ್ಖಾನೆಯ ಮೇಜಿನ ಮೇಲೆ ಮಲಗಿ ಮರುದಿನ ಮನೆಗೆ ಬಂದೆ. ಎಷ್ಟು ಒಳ್ಳೆಯ ಗಾಡಿಯಾದರೂ ಹೊರಡಬಾರದ ದಿನಗಳು ವರ್ಷಕ್ಕೆ ನಾಲ್ಕಾದರೂ ಇರುತ್ತವೆ. ಅಂಥ ದಿನ ಅಲ್ಲಿಯೇ ಉಳಿಯಲು ಒಂದು ಜಾಗವನ್ನೂ ಕಾರಿನ ಜೊತೆಗೇ ಗೊತ್ತುಮಾಡಿಕೊಳ್ಳಬೇಕು.

ಮಗಳು ಕೊನೆಗೆ ಕೊಂಡದ್ದು ಸುಬಾರು ಕ್ರಾಸ್‌ಟ್ರೆಕ್. ಆಲ್ ವ್ಹೀಲ್ ಡ್ರೈವ್ ಇದೆ. ವೇಗ ಸಂಸಾರಸ್ಥರಿಗೆ ಸಾಕಾಗುವಷ್ಟು. ಉಳಿದ ಹಣದಲ್ಲಿ ಚಳಿಗಾಲದ ಟಯರು, ಎರಡಲ್ಲ, ನಾಲ್ಕೂ. ಪ್ರಯೋಗಾಲಯದ ಹತ್ತಿರ ಇರುವ ಒಬ್ಬ ಗೆಳತಿಯ ಮನೆಯಲ್ಲಿ ಒಂದು ಹಾಸಿಗೆಯ ಏರ್ಪಾಡೂ ಆಗಿದೆ. ಬಿಟ್ಟುಕೊಟ್ಟ ವೇಗದ ಕಾರಿಗಾಗಿ ಅವಳಿಗೆ ಸ್ವಲ್ಪ ವ್ಯಥೆ ಇದೆ, ನನಗೂ ಇದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ನಾನೂ ಒಂದು ಸುತ್ತು ಓಡಿಸಬಹುದಾಗಿತ್ತು.

ಅಲ್ಲಿ ಬೆಳಗಿನ ಐದು ಗಂಟೆಯಾದಾಗ ಪವಾಯಿಯಲ್ಲಿ ಮಧ್ಯಾಹ್ನ ಮೂರೂವರೆ, ಚಹದ ಹೊತ್ತು. ಡಿಸೆಂಬರಿನಲ್ಲಿ ಹಿಮ ಬಿದ್ದ ದಿನಗಳಲ್ಲಿ ನಾವಿಬ್ಬರೂ ಚಹ ಮುಂದಿಟ್ಟುಕೊಂಡು ಗಡಿಯಾರ ನೋಡುತ್ತ ಕುಳಿತಿರುತ್ತೇವೆ. ಐದು ಗಂಟೆಯ ಮೇಲೆ “ತಲಪಿದೆ” ಎಂದು ಒಂದೇ ಪದ ಬರುತ್ತದೆ. ಅಷ್ಟರಲ್ಲಿ ಚಹ ಆರಿರುತ್ತದೆ. ಈ ಪತ್ರಿಕೆ ಓದುವವರಲ್ಲಿ ಮಕ್ಕಳನ್ನು ದೂರದೇಶಕ್ಕೆ ಕಳಿಸಿದವರು ಅನೇಕರಿದ್ದೀರಿ. ಆ ಆರಿದ ಚಹದ ರುಚಿ ನಿಮಗೂ ಗೊತ್ತು.

ಅಂಥ ಒಂದು ಸಂಜೆ ನನ್ನಾಕೆ, “ಅಂದು ಫೋನಿನಲ್ಲಿ ಹೇಳಿದಿರಲ್ಲ, ಐರೋಳಿಯ ಕಥೆ” ಎಂದು ಮೆಲ್ಲನೆ ಎತ್ತಿದಳು. ನಾನು ತಲೆ ತಗ್ಗಿಸಿ, “ನಿನಗೆ ಹೇಳಬೇಕಾಗಿತ್ತು” ಎಂದೆ.

“ಹೇಳುವುದೇನು? ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಟಯರಿನ ಬಿಲ್ಲು ಇತ್ತು. ಒಂದೇ ದಿನ ನಾಲ್ಕೂ ಟಯರನ್ನು ಯಾರಾದರೂ ಸುಮ್ಮನೆ ಬದಲಾಯಿಸುತ್ತಾರೆಯೇ?” ಎಂದು ಅವಳು ಚಹ ಬಿಸಿಮಾಡಲು ಒಳಗೆ ಹೋದಳು.