ವುಡ್‌ವರ್ಡ್ ರಸ್ತೆಯಲ್ಲಿ ಕಿಡಿಯ ಲೆಕ್ಕ

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ ನದಿಯ ದಂಡೆಯಿಂದ ಹೊರಟು, ವಾಯವ್ಯಕ್ಕೆ ಸುಮಾರು 43 ಕಿ.ಮೀ. ಸಾಗಿ ಪಾಂಟಿಯಾಕ್ ಪಟ್ಟಣವನ್ನು ಮುಟ್ಟುವ ರಸ್ತೆಯ ಹೆಸರು ವುಡ್‌ವರ್ಡ್ ಅವೆನ್ಯೂ. ನೋಡಲು ಅಂಥ ಚೆಲುವೇನೂ ಇಲ್ಲ. ಅಂಗಡಿಗಳು, ಪೆಟ್ರೋಲ್ ಬಂಕುಗಳು, ಚರ್ಚುಗಳು, ಅಲ್ಲಲ್ಲಿ ಪಾಳುಬಿದ್ದ ಕಟ್ಟಡಗಳು. ಆದರೆ ಮೋಟಾರು ಕಾರಿನ ಚರಿತ್ರೆಯನ್ನು ಓದಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಸಿಗಲಾರದು.

ಪುಸ್ತಕದ ಮೊದಲ ಪುಟ ಪಿಕೆಟ್ ಅವೆನ್ಯೂದಲ್ಲಿದೆ. ವುಡ್‌ವರ್ಡ್‌ನಿಂದ ತುಸು ಪೂರ್ವಕ್ಕೆ ತಿರುಗಿದರೆ 1904ರಲ್ಲಿ ಕಟ್ಟಿದ ಮೂರಂತಸ್ತಿನ ಇಟ್ಟಿಗೆಯ ಕಟ್ಟಡ ಸಿಗುತ್ತದೆ. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರು 1908ರಲ್ಲಿ ಹುಟ್ಟಿದ್ದು ಇಲ್ಲಿ. ಈಗದು ವಸ್ತುಸಂಗ್ರಹಾಲಯ. ಅಲ್ಲಿಂದ ಉತ್ತರಕ್ಕೆ ಹೋದರೆ ಹೈಲ್ಯಾಂಡ್ ಪಾರ್ಕ್. 1913ರಲ್ಲಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದ ಕಾರ್ಖಾನೆ ರಸ್ತೆಯ ಬದಿಗೇ ಇದೆ. ಮುಂದೆ ಆರನೇ ಮೈಲಿ ಮತ್ತು ಏಳನೇ ಮೈಲಿ ರಸ್ತೆಗಳ ನಡುವಿನ ಒಂದು ಮೈಲಿಗೆ 1909ರಲ್ಲೇ ಕಾಂಕ್ರೀಟ್ ಹಾಕಿದ್ದರು. ಎಂಟನೇ ಮೈಲಿ ರಸ್ತೆಯನ್ನು ದಾಟಿದರೆ ಡೆಟ್ರಾಯಿಟ್ ನಗರದ ಎಲ್ಲೆ ಮುಗಿದು ಫರ್ನ್‌ಡೇಲ್, ರಾಯಲ್ ಓಕ್, ಬರ್ಮಿಂಗ್‌ಹ್ಯಾಮ್ ಎಂಬ ಊರುಗಳು ಒಂದಕ್ಕೊಂದು ತಾಗಿಕೊಂಡು ಬರುತ್ತವೆ.

ಅರವತ್ತರ ದಶಕದಲ್ಲಿ ಈ ಊರುಗಳ ಹುಡುಗರು ಸಂಜೆಯಾದರೆ ವುಡ್‌ವರ್ಡ್‌ನಲ್ಲಿ ಕಾರು ಓಡಿಸುತ್ತಿದ್ದರು. ನಡುಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ ‘ಮಸಲ್ ಕಾರ್’ಗಳ ಕಾಲವದು. ಪಾಂಟಿಯಾಕ್ ಕಂಪನಿ 1964ರಲ್ಲಿ ತಂದ ಜಿ.ಟಿ.ಓ. ಈ ಬಳಗದ ಹಿರಿಯಣ್ಣ. ಅದರ ವಿ-8 ಎಂಜಿನ್ನಿನ ಗಾತ್ರ 6.4 ಲೀಟರ್, 1966ರ ಮಾದರಿಯ ಶಕ್ತಿ 335 ಅಶ್ವಶಕ್ತಿ. 1995ರಲ್ಲಿ ಫರ್ನ್‌ಡೇಲ್‌ನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ಹಳೆಯ ಕಾರುಗಳ ಮೆರವಣಿಗೆಯೊಂದನ್ನು ಏರ್ಪಡಿಸಿದರು. ಅದೇ ಬೆಳೆದು, ಆಗಸ್ಟ್ ತಿಂಗಳ ಮೂರನೇ ಶನಿವಾರ ನಡೆಯುವ ‘ವುಡ್‌ವರ್ಡ್ ಡ್ರೀಮ್ ಕ್ರೂಸ್’ ಎಂಬ ದೊಡ್ಡ ಜಾತ್ರೆಯಾಗಿದೆ. ನಮ್ಮಲ್ಲಿ ತೇರು ನೋಡಲು ಜಗುಲಿಯ ಮೇಲೆ ಕೂರುವಂತೆ ಅಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ರಸ್ತೆಯ ಅಂಚಿನಲ್ಲಿ ಕೂರುತ್ತಾರೆ.

ಗಳಿಕೆ ರಜೆ ಹಾಕಿ ರಾಯಲ್ ಓಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಈ ಜಾತ್ರೆಗೆ ಇನ್ನು ಹತ್ತು ದಿನವಿತ್ತು. ಪಕ್ಕದ ಮನೆಯ ಹಿರಿಯರ ಬಳಿ 1966ರ ಜಿ.ಟಿ.ಓ. ಇದೆ. ಆ ವರ್ಷ ಅದನ್ನು ಓಡಿಸಬೇಕಾದವಳು ಆಗಷ್ಟೇ ಲೈಸೆನ್ಸ್ ಪಡೆದಿದ್ದ ಅವರ ಮೊಮ್ಮಗಳು. ಆದರೆ ಕಾರು ಅದೇ ಬೇಸಿಗೆಯಲ್ಲಿ ಮೂರು ಸಲ ‘ಪಾಯಿಂಟ್’ ಸುಟ್ಟುಕೊಂಡಿತ್ತು. ಮೂರನೆಯ ಸಲ ನಿಂತದ್ದು ಮುಸ್ಸಂಜೆಯ ಹೊತ್ತಿಗೆ, ವಾಹನಗಳು ರಭಸದಿಂದ ಓಡುವ ವುಡ್‌ವರ್ಡ್‌ನ ನಟ್ಟನಡುವೆ. ‘ಇನ್ನೊಮ್ಮೆ ಹೀಗಾದರೆ ಮಗುವಿನ ಕೈಗೆ ಕಾರು ಕೊಡುವುದಿಲ್ಲ’ ಎಂದು ತಾತ ಹೇಳಿಬಿಟ್ಟಿದ್ದರು. ಹುಡುಗಿಯ ಮೇಜಿನ ಮೇಲೆ ಎರಡು ಇಗ್ನಿಷನ್ ಕಾಯಿಲ್‌ಗಳಿದ್ದವು. ಎರಡರದೂ ಒಂದೇ ಆಕಾರ. ಎರಡರ ಮೇಲೂ ‘12 ವೋಲ್ಟ್’ ಎಂದೇ ಬರೆದಿತ್ತು. ‘ಅಪ್ಪಾ, ಇದು ನಿಮ್ಮ ಪಾಠದ್ದೇ ಅಲ್ಲವಾ, ಸ್ವಲ್ಪ ನೋಡಿ’ ಎಂದು ಮಗಳು ನನ್ನನ್ನು ಕರೆದೊಯ್ದಳು.

ಕಾಯಿಲ್ ಮಾಡುವ ಕೆಲಸ

ವಿದ್ಯುತ್ಕಾಂತೀಯ ಪ್ರೇರಣೆಯ ಹೆಸರು ಕೇಳಿರಬಹುದು. 1831ರಲ್ಲಿ ಫ್ಯಾರಡೆ ಕಂಡುಹಿಡಿದ ಈ ತತ್ವದ ಮೇಲೆಯೇ ಇಗ್ನಿಷನ್ ಕಾಯಿಲ್ ನಿಂತಿದೆ. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತುಗಳ ಪ್ರಾಥಮಿಕ ಸುರುಳಿ, ಕೂದಲೆಳೆಯಂಥ ತಂತಿಯ ಹತ್ತಾರು ಸಾವಿರ ಸುತ್ತುಗಳ ದ್ವಿತೀಯಕ ಸುರುಳಿ. ಪ್ರಾಥಮಿಕದಲ್ಲಿ ಹರಿಯುವ ಪ್ರವಾಹವನ್ನು ‘ಪಾಯಿಂಟ್’ ಎಂಬ ಪುಟ್ಟ ಸ್ವಿಚ್ಚು ಥಟ್ಟನೆ ಕಡಿದಾಗ ಕಾಂತಕ್ಷೇತ್ರ ಕುಸಿದು, ದ್ವಿತೀಯಕದಲ್ಲಿ ಇಪ್ಪತ್ತು ಸಾವಿರ ವೋಲ್ಟ್‌ನಷ್ಟು ಒತ್ತಡ ಹುಟ್ಟುತ್ತದೆ. ಅದೇ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ವಿ-8 ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಕಿಡಿ ಸೆಕೆಂಡಿಗೆ 200 ಸಲ ಹಾರಬೇಕು.

ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಇದ್ದುದೂ ಇದೇ ಏರ್ಪಾಡು. ನಮ್ಮ ಕಡೆಯ ಹಳೆಯ ಮೆಕ್ಯಾನಿಕ್‌ಗಳು ಡಿಸ್ಟ್ರಿಬ್ಯೂಟರನ್ನು ‘ಡೆಲ್ಕೊ’ ಎನ್ನುವುದನ್ನು ಕೇಳಿರಬಹುದು. ಅದು ಓಹಿಯೊ ರಾಜ್ಯದ ಡೇಟನ್ನಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ 1909ರಲ್ಲಿ ಕಟ್ಟಿದ ಕಂಪನಿಯ ಹೆಸರಿನ ಸಂಕ್ಷೇಪ. ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳ ಈ ಪದ್ಧತಿಯನ್ನು ಕ್ಯಾಡಿಲಾಕ್ ಕಾರಿಗೆ ಅಳವಡಿಸಿ ಬಳಕೆಗೆ ತಂದ ಕೆಟರಿಂಗ್ ಅದಕ್ಕೂ ಮೊದಲು ಹಳ್ಳಿಶಾಲೆಯ ಮೇಷ್ಟ್ರಾಗಿದ್ದವನು.

ಜಾತಕ ನೋಡುವ ಬಗೆ

ಹೆಸರಾಂತ ಮನೆತನವೆಂದ ಮಾತ್ರಕ್ಕೆ ಸಂಬಂಧ ಕೂಡಿಬರುವುದಿಲ್ಲವಷ್ಟೆ? ಕಾಯಿಲ್‌ಗೂ ಅದೇ ಮಾತು. ಡಬ್ಬಿಯ ಮೇಲಿನ 12 ವೋಲ್ಟ್ ಎಂಬುದು ಗೋತ್ರವಿದ್ದಂತೆ. ನೋಡಬೇಕಾದ ಜಾತಕ ಬೇರೆ. ಅದು ಪ್ರಾಥಮಿಕ ಸುರುಳಿಯ ರೋಧ, ಅಂದರೆ ಓಮ್.

ಅಳಿಯನ ಮಲ್ಟಿಮೀಟರ್ ತಂದೆವು. ಓಮ್‌ನ ಅತಿ ಕಡಿಮೆ ವ್ಯಾಪ್ತಿಗೆ ತಿರುಗಿಸಿ, ಮೊದಲು ಅದರ ಎರಡು ತಂತಿಗಳನ್ನೇ ಪರಸ್ಪರ ಮುಟ್ಟಿಸಿ ಎಷ್ಟು ತೋರಿಸುತ್ತದೆಂದು ಬರೆದುಕೊಂಡು, ಅಷ್ಟನ್ನು ಮುಂದಿನ ಅಳತೆಯಿಂದ ಕಳೆಯಬೇಕು. ಅಳತೆ ಚಿಕ್ಕದಾದಾಗ ಈ ಕಳೆಯುವಿಕೆ ಬಹು ಮುಖ್ಯ. ಹುಡುಗಿಯೇ ಅಳೆದಳು. ಕಾರಿನಲ್ಲಿದ್ದಂಥದೇ ಮೊದಲ ಕಾಯಿಲ್ 1.5 ಓಮ್, ಎರಡನೆಯದು 3 ಓಮ್.

ಎರಡೂ ಸರಿಯಾದ ಕಾಯಿಲ್‌ಗಳೇ, ಆದರೆ ಬೇರೆ ಬೇರೆ ಮನೆಗೆ ಸೇರಬೇಕಾದವು. ಆ ಕಾಲದ ಜಿ.ಟಿ.ಓ. ಕಾರಿನಲ್ಲಿ ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲ್‌ಗೆ ಬರುವ ತಂತಿ ಸಾಮಾನ್ಯ ತಾಮ್ರದ್ದಲ್ಲ. ತಾನೇ ಸುಮಾರು 1.5 ಓಮ್ ರೋಧವುಳ್ಳ ವಿಶೇಷ ತಂತಿ. ಎಂಜಿನ್ ಓಡುವಾಗ ಒತ್ತಡ 14 ವೋಲ್ಟ್. ತಂತಿ 1.5, ಕಾಯಿಲ್ 1.5, ಒಟ್ಟು 3 ಓಮ್. ಓಮ್‌ನ ನಿಯಮದಂತೆ ಪ್ರವಾಹ ಹೆಚ್ಚೆಂದರೆ 4.7 ಆಂಪಿಯರ್. ಪಾಯಿಂಟ್ ತೆರೆದು ಮುಚ್ಚುತ್ತಲೇ ಇರುವುದರಿಂದ ಸರಾಸರಿ ಇನ್ನೂ ಕಡಿಮೆ. ಇಷ್ಟನ್ನು ಪಾಯಿಂಟ್ ತಾಳಿಕೊಳ್ಳುತ್ತದೆ.

ರೋಧದ ತಂತಿ ಇಲ್ಲದೆ 1.5 ಓಮ್ ಕಾಯಿಲ್ ಹಾಕಿದರೆ? 14ನ್ನು 1.5ರಿಂದ ಭಾಗಿಸಿ: 9.3 ಆಂಪಿಯರ್. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ಕಾಯಿಲ್ ಕಾಯುತ್ತದೆ, ಪಾಯಿಂಟ್ ಕಪ್ಪಾಗಿ ಸುಡುತ್ತದೆ. ತಂತಿಯೂ ಇದ್ದು 3 ಓಮ್ ಕಾಯಿಲ್ ಹಾಕಿದರೆ? ಒಟ್ಟು 4.5 ಓಮ್, ಪ್ರವಾಹ 3.1 ಆಂಪಿಯರ್. ಕಾಯಿಲ್‌ನಲ್ಲಿ ಕೂಡಿಡುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಕಿಡಿ ಸೊರಗುತ್ತದೆ. 1975ರ ಹೊತ್ತಿಗೆ ಬಂದ ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಕಾಯಿಲ್‌ನ ರೋಧ ಬರಿಯ ಅರ್ಧ ಓಮ್‌ನಷ್ಟು. ಅಲ್ಲಿ ಪ್ರವಾಹವನ್ನು ಮಿತಿಯಲ್ಲಿಡಲು ಪ್ರತ್ಯೇಕ ಮಂಡಲವಿದೆ. ‘ಹೆಚ್ಚು ಶಕ್ತಿಯದು’ ಎಂದು ಅದನ್ನು ತಂದು ಪಾಯಿಂಟ್‌ಗೆ ನೇರವಾಗಿ ಜೋಡಿಸಿದರೆ 28 ಆಂಪಿಯರ್ ಹರಿಯಲು ನೋಡುತ್ತದೆ!

ಹಾಗಾದರೆ ಈ ಕಾರಿನಲ್ಲಿ ರೋಧದ ತಂತಿ ಇದೆಯೋ ಇಲ್ಲವೋ? ಕಣ್ಣಿಗೆ ತಿಳಿಯದು. ಎಂಜಿನ್ ನಿಲ್ಲಿಸಿ, ಪಾಯಿಂಟ್ ಮುಚ್ಚಿರುವಂತೆ ಮಾಡಿ, ಕೀಲಿ ತಿರುಗಿಸಿ, ಕಾಯಿಲ್‌ನ ಧನ ತುದಿಗೂ ಕಾರಿನ ಲೋಹಕ್ಕೂ ನಡುವೆ ವೋಲ್ಟ್ ಅಳೆದೆವು. ತಂತಿ ಇದ್ದಿದ್ದರೆ ಬ್ಯಾಟರಿಯ ಅರ್ಧದಷ್ಟು, ಆರರ ಆಸುಪಾಸು ಬರಬೇಕು. ಬಂದದ್ದು ಹನ್ನೆರಡಕ್ಕಿಂತ ತುಸು ಹೆಚ್ಚು! ಹಿಂದೆಂದೋ ರಿಪೇರಿ ಮಾಡಿದವರು ಆ ವಿಶೇಷ ತಂತಿಯನ್ನು ತೆಗೆದು ಸಾಮಾನ್ಯ ತಾಮ್ರದ ತಂತಿ ಹಾಕಿದ್ದರು. ಪಾಯಿಂಟ್ ಸುಡುತ್ತಿದ್ದುದರ ಗುಟ್ಟು ಅದು.

ಎರಡು ದಾರಿ

ಈಗ ಎರಡು ದಾರಿಗಳಿದ್ದವು. ರೋಧವನ್ನು ಮತ್ತೆ ಸೇರಿಸಿ 1.5 ಓಮ್ ಕಾಯಿಲ್ ಉಳಿಸಿಕೊಳ್ಳುವುದು, ಇಲ್ಲವೇ ತಾಮ್ರದ ತಂತಿಗೆ 3 ಓಮ್ ಕಾಯಿಲ್ ಹಾಕುವುದು. ಮೊದಲನೆಯದರಲ್ಲಿ ಒಂದು ಜಾಣತನವಿದೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಒತ್ತಡ ಒಂಬತ್ತು–ಹತ್ತು ವೋಲ್ಟಿಗೆ ಕುಸಿಯುತ್ತದೆ. ಆಗ ರೋಧವನ್ನು ಬಳಸಿ ಹೋಗುವ ಇನ್ನೊಂದು ತಂತಿಯಿಂದ ಪೂರ್ತಿ ಒತ್ತಡ ನೇರ ಕಾಯಿಲ್‌ಗೆ ಸಿಕ್ಕಿ, ಕೊರೆಯುವ ಚಳಿಯಲ್ಲೂ ಒಳ್ಳೆಯ ಕಿಡಿ ಬರುತ್ತದೆ. ಆದರೆ ಮಿಷಿಗನ್‌ನಲ್ಲಿ ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ತುಕ್ಕಿಗೆ ಹೆದರಿ ಈ ಹಿರಿಯರು ಆ ತಿಂಗಳುಗಳಲ್ಲಿ ಕಾರನ್ನು ಷೆಡ್ಡಿನಿಂದ ಹೊರಗೆ ತೆಗೆಯುವುದೇ ಇಲ್ಲ. ಆದ್ದರಿಂದ ಹುಡುಗಿ 3 ಓಮ್ ಕಾಯಿಲನ್ನೇ ಆರಿಸಿದಳು. ಲೆಕ್ಕ ಅವಳದೇ, ತೀರ್ಮಾನವೂ ಅವಳದೇ.

ಜೋಡಿಸುವಾಗ ಧನ, ಋಣ ತುದಿಗಳು ಅದಲುಬದಲಾಗಬಾರದು. ಪ್ಲಗ್ಗಿನ ನಡುವಣ ಕಡ್ಡಿ ಹೆಚ್ಚು ಬಿಸಿಯಾಗಿರುತ್ತದೆ. ಬಿಸಿ ಲೋಹದಿಂದ ಇಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ. ಅದು ಋಣವಾಗಿದ್ದರೆ ಕಡಿಮೆ ವೋಲ್ಟಿಗೇ ಕಿಡಿ ಹಾರುತ್ತದೆ. ಹೊಸ ಪಾಯಿಂಟ್, ಹೊಸ ಕಂಡೆನ್ಸರ್ ಹಾಕಿದ್ದಾಯಿತು. ಒಂದು ವಾರ ಪ್ರತಿ ಸಂಜೆ ತಾತ ಪಕ್ಕದಲ್ಲಿ ಕೂತು ಓಡಿಸಿ ನೋಡಿದರು. ಪಾಯಿಂಟ್ ಬಿಚ್ಚಿದಾಗ ಅದರ ಮುಖ ತಿಳಿಬೂದು ಬಣ್ಣಕ್ಕಿತ್ತು, ಕಪ್ಪಾಗಿರಲಿಲ್ಲ. ಶನಿವಾರ ಅವಳು ಕಾರನ್ನು ಜಾತ್ರೆಗೆ ಒಯ್ದಳು.

ಪಿಕೆಟ್ ಅವೆನ್ಯೂದ ಮಾಡೆಲ್ ಟಿ ಕಾರಿನಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲ್‌ಗಳಿದ್ದವು, ಮರದ ಪೆಟ್ಟಿಗೆಯಲ್ಲಿ. ಇಂದಿನ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲೂ ಪ್ರತಿ ಪ್ಲಗ್ಗಿಗೆ ಒಂದೊಂದು ಕಾಯಿಲ್. ನಡುವಿನ ಕಾಲದಲ್ಲಿ ಒಂದೇ ಕಾಯಿಲ್ ಎಂಟು ಸಿಲಿಂಡರುಗಳನ್ನು ಸಾಕಿತು. ಪಾಂಟಿಯಾಕ್ ಎಂಬ ಕಾರಿನ ಹೆಸರೇ 2010ರಲ್ಲಿ ನಿಂತುಹೋಯಿತು. ರಸ್ತೆಯ ಕೊನೆಯಲ್ಲಿ ಪಟ್ಟಣ ಮಾತ್ರ ಆ ಹೆಸರು ಹೊತ್ತು ನಿಂತಿದೆ. ತಂದೆತಾಯಂದಿರಲ್ಲಿ ನನ್ನದೊಂದು ಕೋರಿಕೆ: ಮನೆಯಲ್ಲಿ ಒಂದು ಅಗ್ಗದ ಮಲ್ಟಿಮೀಟರ್ ಇರಲಿ. ಮಕ್ಕಳು ಟಾರ್ಚಿನ ಸೆಲ್ಲು, ಹಳೆಯ ಸ್ಕೂಟರಿನ ಬಿಚ್ಚಿಟ್ಟ ಕಾಯಿಲ್‌ಗಳನ್ನು ಅಳೆಯಲಿ. ಮನೆಯ ವಿದ್ಯುತ್ತಿನ ತಂಟೆಗೆ, ಓಡುವ ಎಂಜಿನ್ನಿನ ಪ್ಲಗ್ ವೈರಿನ ತಂಟೆಗೆ ಹೋಗುವುದು ಬೇಡ.