ಹಬ್ಬ ಮುಗಿದ ಮೇಲಿನ ಅಂಗಳ

ವಿಜಯದಶಮಿಯ ರಾತ್ರಿ ಬಸವನಗುಡಿಯ ಹಳೆಯ ಮನೆಗಳಲ್ಲಿ ಒಂದೆರಡು ಗೊಂಬೆಗಳನ್ನು ಮಲಗಿಸುತ್ತಾರೆ. ಅಲ್ಲಿಗೆ ದಸರೆ ಮುಗಿಯಿತೆಂದು ಲೆಕ್ಕ. ಮರುದಿನದಿಂದ ಪಟ್ಟದ ರಾಜ ರಾಣಿಯರು, ಅಂಗಡಿಯ ಶೆಟ್ಟಿ ದಂಪತಿ, ಚನ್ನಪಟ್ಟಣದ ಆನೆ ಕುದುರೆಗಳು ಹಳೆಯ ಪಂಚೆಯ ತುಂಡುಗಳನ್ನು ಸುತ್ತಿಕೊಂಡು ಟ್ರಂಕು ಸೇರುತ್ತವೆ. ಮೇಲೊಂದಿಷ್ಟು ಒಣಗಿದ ಬೇವಿನ ಸೊಪ್ಪು, ನಾಲ್ಕಾರು ನುಸಿಗುಳಿಗೆ. ಟ್ರಂಕು ಅಟ್ಟ ಹತ್ತುತ್ತದೆ. ಆಮೇಲೆ ದೀಪಾವಳಿ ಬರುತ್ತದೆ, ಆಕಾಶಬುಟ್ಟಿ ತೂಗುತ್ತದೆ, ಕಾರ್ತೀಕದ ದೀಪಗಳು ಸಾಲಾಗಿ ಉರಿಯುತ್ತವೆ. ಉತ್ಥಾನ ದ್ವಾದಶಿಯಂದು ತುಳಸಿಕಟ್ಟೆಗೆ ನೆಲ್ಲಿಯ ಟೊಂಗೆ ಸಿಕ್ಕಿಸಿ ಪೂಜೆ ಮಾಡಿದ್ದಾಯಿತು, ಕಾರ್ತೀಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದಿನ ಪರಿಷೆಯಲ್ಲಿ ಕಡಲೆಕಾಯಿ ಕೊಂಡಿದ್ದೂ ಆಯಿತು ಎಂದರೆ ಮನೆಯೊಳಗಿನ ಅಲಂಕಾರಕ್ಕೆ ಬಿಡುವು.

ಹಿಮ ಬೀಳುವ ದೇಶಗಳಲ್ಲಿ ಕ್ರಿಸ್‌ಮಸ್ ಮರ ತೆಗೆದಿಟ್ಟ ಮೇಲೆ ಒಳಮನೆಯನ್ನು ಮೇಣದ ದೀಪ, ಉಣ್ಣೆಯ ಹೊದಿಕೆಗಳಿಂದ ಬೆಚ್ಚಗೆ ಕಾಣುವಂತೆ ಮಾಡಿಕೊಳ್ಳುವ ರೂಢಿ ಇದೆ. ಹೊರಗೆ ಕಾಲಿಡಲಾಗದ ಚಳಿಗೆ ಅದೇ ಸರಿ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಚಳಿ ಬೇರೆ ಬಗೆಯದು. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್; ಅದೂ 1884ರ ಜನವರಿ 13ರಂದು. ಸಾಮಾನ್ಯ ವರ್ಷಗಳಲ್ಲಿ ಒಂದು ಸ್ವೆಟರು, ಒಂದು ಮಫ್ಲರು ಸಾಕು, ಬೆಳಗಿನ ಜಾವ ಬಾಗಿಲು ತೆರೆದು ಹೊರಗೆ ಬರಬಹುದು. ಹೀಗಾಗಿ ಈ ಊರಿನ ಚಳಿಗಾಲದ ಅಲಂಕಾರ ಗೋಡೆಗೆ ತಗುಲಿಕೊಳ್ಳದೆ ಹೊಸ್ತಿಲು ದಾಟಿ ಅಂಗಳಕ್ಕೆ ಬಂದಿತು. ಮಧ್ಯಾಹ್ನದ ಹೊತ್ತಿಗೆ ಅಳಿಸಿ ಹೋಗುವ, ಮರುದಿನ ಹೊಸದಾಗಿ ಹುಟ್ಟುವ ಅಲಂಕಾರ ಅದು: ಧನುರ್ಮಾಸದ ರಂಗೋಲಿ.

ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಈ ತಿಂಗಳಲ್ಲಿ ಮದುವೆ ಮುಂಜಿಗಳಿಲ್ಲ. ಶೂನ್ಯಮಾಸವೆಂದೇ ಇದನ್ನು ಕರೆಯುವವರುಂಟು. ಆದರೆ ಸೂರ್ಯೋದಯಕ್ಕೆ ಮೊದಲೇ ಪೂಜೆ ಮುಗಿದು ಹುಗ್ಗಿಯ ನೈವೇದ್ಯವಾಗಬೇಕು. ಮಲ್ಲೇಶ್ವರದ ವೇಣುಗೋಪಾಲಸ್ವಾಮಿ ಗುಡಿಯ ಸುತ್ತಿನ ಬೀದಿಗಳಲ್ಲಿ ಐದು ಗಂಟೆಗೇ ಗೇಟಿನ ಚಿಲಕದ ಸದ್ದು ಕೇಳುತ್ತದೆ. ಬಕೆಟ್ಟಿನ ನೀರು ಚೆಲ್ಲಿದ ಸದ್ದು, ಹಿಡಿಪೊರಕೆಯ ಸರಸರ, ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದದಲ್ಲೇ ಚುಕ್ಕಿ ಬೀಳುವುದು.

ಈ ಬಡಾವಣೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಾಲದವು. ಚಾಮರಾಜಪೇಟೆ ರೂಪುಗೊಂಡದ್ದು 1892ರ ಸುಮಾರಿಗೆ. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು 1898ರ ಪ್ಲೇಗಿನ ನಂತರ. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತದ್ದನ್ನು ಕಂಡು ಗಾಳಿ ಬೆಳಕಿಗಾಗಿ ಅಗಲ ರಸ್ತೆ, ಮನೆಗೊಂದು ಕಾಂಪೌಂಡು, ಹಿಂದೆ ಮುಂದೆ ಬಯಲು ಬಿಟ್ಟು ನಿವೇಶನಗಳನ್ನು ಮಾಡಿದರು. ರೋಗದ ಭಯಕ್ಕೆಂದು ಬಿಟ್ಟ ಜಾಗ ರಂಗೋಲಿಗೆ ಒದಗಿತು. ಗೇಟಿನ ಮುಂದೆ ಒಂದು, ಮೆಟ್ಟಿಲ ಕೆಳಗೆ ಒಂದು, ತುಳಸಿಕಟ್ಟೆಯ ಮುಂದೆ ಇನ್ನೊಂದು, ಹೊಸ್ತಿಲ ಮೇಲೆ ಎಳೆಗಳು. ಚಾಮರಾಜಪೇಟೆಯ ವಠಾರಗಳ ಕತೆ ಬೇರೆ. ಅಲ್ಲಿ ಒಂದೇ ಅಂಗಳಕ್ಕೆ ಹತ್ತು ಬಾಗಿಲು, ಒಂದೇ ನಲ್ಲಿ. ಪ್ರತಿ ಬಾಗಿಲ ಮುಂದೆ ಸಿಗುತ್ತಿದ್ದದ್ದು ಒಂದು ಮೊಳ ಜಾಗ. ಆ ಮೊಳದಲ್ಲೇ ಪೈಪೋಟಿ! ಪಕ್ಕದ ಮನೆಯವರು ನಿನ್ನೆ ಹದಿಮೂರು ಚುಕ್ಕಿಯದು ಹಾಕಿದ್ದರೆ ಇಂದು ಇವರದು ಹದಿನೈದು.

ಕಾಲವೂ ರಂಗೋಲಿಗೆ ಅನುಕೂಲವಾಗಿಯೇ ಇರುತ್ತದೆ. ನವೆಂಬರಿನಲ್ಲಿ ಹಿಂಗಾರು ಮಳೆ ಹನಿಸುತ್ತಿರುತ್ತದೆ, ಹಾಕಿದ್ದು ನಿಲ್ಲದು. ಡಿಸೆಂಬರ್ ನಡುವಿಗೆ ಮಳೆ ಹಿಂದೆಗೆಯುತ್ತದೆ, ಜನವರಿಯಲ್ಲಂತೂ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ನೆಲಕ್ಕೆ ಅಂಟಿದ ಗಾಳಿ ತಣ್ಣಗಾಗಿ, ಭಾರವಾಗಿ, ಅಲ್ಲಾಡದೆ ಮಲಗುತ್ತದೆ. ಪುಡಿ ಹಾರುವುದಿಲ್ಲ, ನೀರು ಚಿಮುಕಿಸಿದ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಬಿಸಿಲೇರಿ ಗಾಳಿ ಎದ್ದ ಮೇಲೆ ಅದೇ ಕೈಯಿಂದ ಅದೇ ಎಳೆ ಬಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ವಾಹನದ ಹೊಗೆಯೂ ಇದೇ ಕಾರಣಕ್ಕೆ ಆ ಹೊತ್ತಿನಲ್ಲಿ ಮೇಲೇರದೆ ಕೆಳಗೇ ನಿಲ್ಲುತ್ತದೆ ಎಂಬುದು ಅಷ್ಟು ಹಿತವಲ್ಲದ ಸಂಗತಿ.

ರಂಗೋಲಿ ಪುಡಿ ಎಂದು ಗಾಂಧಿಬಜಾರಿನಲ್ಲೋ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೋ ಕೊಳ್ಳುವುದೆಲ್ಲ ಒಂದೇ ವಸ್ತುವಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಒಂದು ಚಿಟಿಕೆ ಪುಡಿಗೆ ನಾಲ್ಕು ಹನಿ ನಿಂಬೆರಸ ಹಾಕಲು ಹೇಳಿ. ಗುಳ್ಳೆಗಳೆದ್ದರೆ ಅದು ಸುಣ್ಣಕಲ್ಲಿನ ಜಾತಿ. ಹೊರಬರುವುದು ಇಂಗಾಲದ ಡೈಆಕ್ಸೈಡ್. ಏಳದಿದ್ದರೆ ಬಳಪದ ಕಲ್ಲಿನದೋ ಬೆಣಚುಕಲ್ಲಿನದೋ ಇರಬೇಕು. ಇನ್ನೊಂದು ಚಿಟಿಕೆಗೆ ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಒಂದು ಹನಿ. ಕಡುನೀಲಿಯಾದರೆ ಅಕ್ಕಿಹಿಟ್ಟು ಬೆರೆತಿದೆ ಎಂದರ್ಥ. ಈಗ ಅಕ್ಕಿಹಿಟ್ಟಿನಲ್ಲೇ ರಂಗೋಲಿ ಹಾಕುವವರು ಕಡಿಮೆ. ಅದರ ಗುಟ್ಟು ಇರುವೆಗಳಿಗೆ ಗೊತ್ತು. ಏಳು ಗಂಟೆಯೊಳಗೆ ಒಂದು ದಳ ಖಾಲಿಯಾಗಿರುತ್ತದೆ. ಕಲ್ಲಿನ ಪುಡಿಯಾದರೆ ತೀರ ನಯವಾದದ್ದನ್ನು ಮೂಗಿನ ಹತ್ತಿರ ಹಾರಿಸದಿರುವುದು ಕ್ಷೇಮ.

ಇಷ್ಟಾಗಿಯೂ ರಂಗೋಲಿಯಲ್ಲಿ ರಸಾಯನಶಾಸ್ತ್ರಕ್ಕಿಂತ ಗಣಿತವೇ ಹೆಚ್ಚು. ಹಳೆಯ ಮನೆಗಳಲ್ಲಿ ಒಂದು ನೋಟ್‌ಬುಕ್ಕು ಇರುತ್ತದೆ. ರಟ್ಟು ಕಿತ್ತು ದಾರದಲ್ಲಿ ಹೊಲಿದದ್ದು, ಹಾಲಿನ ಲೆಕ್ಕವೂ ಮೊಮ್ಮಗುವಿನ ಗೀಚೂ ಸೇರಿಕೊಂಡಿರುವುದು. ಅದರಲ್ಲಿ ಅಮ್ಮನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಇಳಿದುಬಂದ ರಂಗೋಲಿಗಳು. ಪಕ್ಕದಲ್ಲಿ ಚಿಕ್ಕದಾಗಿ ‘7ರಿಂದ 1, ನೇರ’ ಎಂದೋ ‘7ರಿಂದ 4, ಸಂದುಚುಕ್ಕಿ’ ಎಂದೋ ಬರೆದಿರುತ್ತದೆ. ಹೊರನೋಟಕ್ಕೆ ಇದು ಅಡುಗೆಯ ಅಳತೆಯಂತೆ ಕಾಣುತ್ತದೆ, ಆದರೆ ನಿಜವಾಗಿ ಅದೊಂದು ಸೂತ್ರ.

ಮೊದಲನೆಯದನ್ನೇ ನೋಡಿ. ನಡುವೆ ಏಳು ಚುಕ್ಕಿಯ ಸಾಲು, ಮೇಲೆ ಕೆಳಗೆ ಐದು, ಮೂರು, ಒಂದು. ಒಟ್ಟು 25. ಒಂದು, ಮೂರು, ಐದು, ಏಳು ಕೂಡಿದರೆ 16, ಅಂದರೆ 4ರ ವರ್ಗ. ಉಳಿದ ಐದು, ಮೂರು, ಒಂದು ಸೇರಿ 9, ಅಂದರೆ 3ರ ವರ್ಗ. ಬೆಸಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡಿದರೆ ವರ್ಗಸಂಖ್ಯೆ ಬರುತ್ತದೆ ಎಂಬ ಪಾಠ ಅಂಗಳದಲ್ಲಿ ಕಣ್ಣಿಗೆ ಕಾಣುವಂತೆ ಬಿದ್ದಿದೆ. ಎರಡನೆಯದರಲ್ಲಿ ನಡುಸಾಲು ಏಳು, ಎರಡೂ ಕಡೆ ಆರು, ಐದು, ನಾಲ್ಕು. ಚುಕ್ಕಿಗಳು ಒಂದರ ಸಂದಿನಲ್ಲಿ ಇನ್ನೊಂದು. ಒಟ್ಟು 37. ಅಂಚು ಜೋಡಿಸಿದರೆ ಆರು ಮೂಲೆಯ ಆಕೃತಿ, ಜೇನುಗೂಡಿನ ಕಣ್ಣುಗಳ ಜೋಡಣೆ.

ಚುಕ್ಕಿಯನ್ನು ಮುಟ್ಟದೆ ಸುತ್ತಿಕೊಂಡು ಹೋಗುವ ಎಳೆ ರಂಗೋಲಿ ಇನ್ನೂ ಸೊಗಸು. ಮೂರು ಸಾಲು, ಸಾಲಿಗೆ ನಾಲ್ಕು ಚುಕ್ಕಿ ಇಟ್ಟು, ಚುಕ್ಕಿಗಳ ನಡುವೆ ಓರೆಯಾಗಿ ಹಾಯುತ್ತ, ಅಂಚಿನ ಚುಕ್ಕಿ ಬಂದಾಗ ಅದನ್ನು ಬಳಸಿ ತಿರುಗುತ್ತ ಹೋದರೆ, ಹನ್ನೆರಡೂ ಚುಕ್ಕಿಗಳನ್ನು ಸುತ್ತಿದ ಎಳೆ ಕೈಯೆತ್ತದೆ ಹೊರಟಲ್ಲಿಗೇ ಬಂದು ಸೇರುತ್ತದೆ. ನಾಲ್ಕಕ್ಕೆ ನಾಲ್ಕು ಚುಕ್ಕಿಯಲ್ಲಿ ಹಾಗಾಗದು. ನಾಲ್ಕು ಬೇರೆ ಬೇರೆ ಎಳೆಗಳು ಬೇಕು. ನಾಲ್ಕು, ಆರು ಆದರೆ ಎರಡು ಎಳೆ. ಏಕೆ? ಎರಡು ಸಂಖ್ಯೆಗಳ ಮ.ಸಾ.ಅ. ಎಷ್ಟೋ ಅಷ್ಟು ಎಳೆಗಳು. ಆರನೆಯ ತರಗತಿಯಲ್ಲಿ ಬೇಸರದಿಂದ ಮಾಡುವ ಆ ಲೆಕ್ಕ ಇಲ್ಲಿ ಬೆರಳ ತುದಿಯಲ್ಲಿದೆ. ಮದರಾಸು ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ತಮಿಳುನಾಡಿನ ಕೋಲಗಳನ್ನು ಇಟ್ಟುಕೊಂಡು ಕಂಪ್ಯೂಟರಿಗೆ ಚಿತ್ರಗಳ ವ್ಯಾಕರಣ ಹೇಳಿಕೊಡುವ ಸಂಶೋಧನೆ ನಡೆಸಿದರು. ಬಾಗಿಲಲ್ಲಿ ಬಗ್ಗಿ ಕೂತ ಹೆಂಗಸರಿಗೆ ಆ ವ್ಯಾಕರಣ ಕೈಯಲ್ಲಿತ್ತು, ಹೆಸರು ಮಾತ್ರ ಇರಲಿಲ್ಲ.

ಚಳಿಗಾಲದ ಬೆಳಕೂ ಈ ಬೀದಿಗಳಲ್ಲಿ ಲೆಕ್ಕವಿಟ್ಟಂತೆ ಬರುತ್ತದೆ. ಡಿಸೆಂಬರ್ 21-22ರಂದು ಹಗಲು ಅತಿ ಚಿಕ್ಕದು. ಹಾಗೆಂದು ಅಂದೇ ಸೂರ್ಯ ಅತಿ ತಡವಾಗಿ ಹುಟ್ಟುತ್ತಾನೆ ಎಂದುಕೊಂಡರೆ ತಪ್ಪು. ಬೆಂಗಳೂರಿನಲ್ಲಿ ಡಿಸೆಂಬರ್ ನಡುವಿಗೆ ಸುಮಾರು ಆರೂವರೆಗೆ ಹುಟ್ಟುವವನು ಜನವರಿಯಲ್ಲಿ ಆರೂಮುಕ್ಕಾಲರ ತನಕ ಸರಿಯುತ್ತಾನೆ. ರಂಗೋಲಿ ಹಾಕುವವರಿಗೆ ಇದು ಕಾಲು ಗಂಟೆಯ ಲಾಭ. ಬಸವನಗುಡಿಗೆ ಹೊಂದಿಕೊಂಡ ಗವಿಪುರದ ಗವಿಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ನವೆಂಬರ್ ಕೊನೆಯ ದಿನಗಳಲ್ಲೂ ಅಲ್ಲಿ ಹಾಗೆಯೇ ಬೆಳಕು ಬರುತ್ತದೆ. ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ವಿವರಿಸಿದ್ದಾರೆ. ಕಾರಣ ಸರಳ: ಡಿಸೆಂಬರ್ 21ಕ್ಕೆ ಮೂರು ವಾರ ಹಿಂದೆ ಸೂರ್ಯ ದಕ್ಷಿಣಕ್ಕೆ ಎಷ್ಟು ವಾಲಿರುತ್ತಾನೋ ಮೂರು ವಾರ ಮುಂದೆಯೂ ಅಷ್ಟೇ ವಾಲಿರುತ್ತಾನೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಒಂದು ಭೇಟಿಗೆ ಜಾತ್ರೆಯ ನೂಕುನುಗ್ಗಲು, ಇನ್ನೊಂದಕ್ಕೆ ಆ ಗದ್ದಲವಿಲ್ಲ.

ಹೊಸ್ತಿಲಿಗೆ ಇಡುವ ಸೇವಂತಿಗೆಯೂ ಸೂರ್ಯನ ಲೆಕ್ಕ ಬಲ್ಲದು. ರಾತ್ರಿ ಉದ್ದವಾದಾಗಲೇ ಮೊಗ್ಗು ಬಿಡುವ ಗಿಡ ಅದು. ಬೆಂಗಳೂರಿನ ಸುತ್ತಲ ಜಿಲ್ಲೆಗಳಲ್ಲಿ ರಾತ್ರಿ ಹೊಲದ ತುಂಬ ಬಲ್ಬು ಉರಿಯುವುದನ್ನು ಬಸ್ಸಿನಿಂದ ಕಂಡು ಯಾವುದೋ ಹಬ್ಬವೆಂದುಕೊಳ್ಳುವವರುಂಟು. ಬೆಳೆಗಾರರು ಗಿಡಕ್ಕೆ ರಾತ್ರಿಯನ್ನು ಚಿಕ್ಕದು ಮಾಡಿ ತೋರಿಸಿ ಹೂವನ್ನು ತಡೆಹಿಡಿಯುತ್ತಿರುತ್ತಾರೆ, ಅಷ್ಟೆ. ಕೆಲವು ಮನೆಗಳಲ್ಲಿ ರಂಗೋಲಿಯ ನಡುವೆ ಸಗಣಿಯ ಪುಟ್ಟ ಉಂಡೆ ಇಟ್ಟು ಅದಕ್ಕೆ ಕುಂಬಳದ ಹಳದಿ ಹೂವು ಸಿಕ್ಕಿಸುವ ರೂಢಿ ಇತ್ತು. ಈಗ ಸಗಣಿಯೂ ದುರ್ಲಭ, ಕುಂಬಳದ ಬಳ್ಳಿಯೂ ದುರ್ಲಭ.

ದುರ್ಲಭವಾಗುತ್ತಿರುವುದು ಅಂಗಳವೂ ಹೌದು. ಮಂಗಳೂರು ಹೆಂಚಿನ, ಕೆಂಪು ಗಾರೆಯ ನೆಲದ ಒಂದು ಮನೆ ಬಿದ್ದರೆ ಆ ಜಾಗದಲ್ಲಿ ನಾಲ್ಕು ಅಂತಸ್ತು ಏಳುತ್ತದೆ. ತುಳಸಿಕಟ್ಟೆಯಿದ್ದ ಕಡೆ ಕಾರು ನಿಲ್ಲುತ್ತದೆ. ಫ್ಲ್ಯಾಟಿನ ಬಾಗಿಲ ಮುಂದೆ ಉಳಿಯುವುದು ಒಂದು ಹೆಂಚುಬಿಲ್ಲೆಯಷ್ಟು ಜಾಗ, ಅದರಲ್ಲೂ ಅರ್ಧ ಚಪ್ಪಲಿ ಸ್ಟ್ಯಾಂಡಿಗೆ. ನುಣುಪಾದ ಟೈಲ್ಸಿನ ಮೇಲೆ ಪುಡಿ ನಿಲ್ಲದೆ ಜಾರುತ್ತದೆ, ಎದುರು ಮನೆಯವರ ಕಾಲಿಗೆ ಅಂಟುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಸ್ಟಿಕ್ಕರು ಬಂದಿದೆ. ಒಮ್ಮೆ ಅಂಟಿಸಿದರೆ ಯುಗಾದಿಯವರೆಗೆ ಚಿಂತೆಯಿಲ್ಲ. ಚಿಂತೆಯಿಲ್ಲದ್ದು ನಿಜ, ಎಳೆ ಎಲ್ಲಿ ತಿರುಗಬೇಕೆಂದು ಯೋಚಿಸುವ ಕೆಲಸವೂ ಇಲ್ಲ. ಕೆಲವು ಅಜ್ಜಿಯರು ಇದಕ್ಕೆ ಒಪ್ಪದೆ ಕಪ್ಪು ಬಣ್ಣ ಹಚ್ಚಿದ ಹಲಗೆಯ ಮೇಲೆ ಒದ್ದೆ ಸೀಮೆಸುಣ್ಣದಲ್ಲಿ ರಂಗೋಲಿ ಬರೆದು ಬಾಗಿಲ ಪಕ್ಕ ಇಡುತ್ತಾರೆ. ಜಾಣತನ! ಮೊಣಕಾಲು ನೋವಿನವರಿಗೆ ಮೇಜಿನ ಮೇಲೇ ಕೆಲಸ ಮುಗಿಯುತ್ತದೆ.

ರಂಗೋಲಿಯ ಹೆಸರಿನಲ್ಲಿ ಹೆಣ್ಣುಮಕ್ಕಳು ತಿಂದ ಬೈಗುಳವನ್ನೂ ಮರೆಯುವಂತಿಲ್ಲ. ಅಣ್ಣ ತಮ್ಮಂದಿರು ಹೊದ್ದು ಮಲಗಿರುವಾಗ ನಾಲ್ಕೂವರೆಗೆ ಎಬ್ಬಿಸಿ ತಣ್ಣೀರಿಗೆ ಕೈಹಾಕಿಸಿದ್ದು, ಎಳೆ ವಕ್ರವಾದರೆ ‘ಹೋದ ಮನೆಯಲ್ಲಿ ಏನಂದಾರು’ ಎಂದದ್ದು ಈ ಬೀದಿಗಳಲ್ಲೇ. ಅದು ಹೋದದ್ದಕ್ಕೆ ಯಾರೂ ಅಳಬೇಕಿಲ್ಲ. ಹುಡುಗರ ಕೈಗೂ ಪುಡಿ ಕೊಡುವುದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ಹೆಬ್ಬೆರಳು ತೋರುಬೆರಳ ನಡುವಿನಿಂದ ಒಂದೇ ಸಮನೆ ಪುಡಿ ಬಿಡುವುದು ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟಿನಿಂದ ಹನಿ ಬಿಡುವಷ್ಟೇ ನಾಜೂಕಿನ ಕೆಲಸ. ಗೊಂಬೆಗಳು ಅಟ್ಟದಲ್ಲಿ ಹೇಗೋ ಉಳಿಯುತ್ತವೆ. ಮನೆ ಬದಲಾದರೆ ಟ್ರಂಕಿನ ಜೊತೆ ಹೋಗುತ್ತವೆ. ಕೈಯ ಆ ಅಭ್ಯಾಸವನ್ನು ಟ್ರಂಕಿನಲ್ಲಿ ಇಡಲಾಗದು. ನೋಟ್‌ಬುಕ್ಕು ಹಳೆಯ ಪೇಪರಿನವನ ತಕ್ಕಡಿ ಏರಿದ ಮನೆಗಳೂ ಇವೆ.

ಸಂಕ್ರಾಂತಿಯಂದು ಅಂಗಳದಲ್ಲಿ ಕಬ್ಬಿನ ಜಲ್ಲೆ, ಎಳ್ಳುಬೆಲ್ಲದ ಬಟ್ಟಲುಗಳು ಚಿತ್ರವಾಗಿ ಮೂಡುತ್ತವೆ. ಆಮೇಲೆ ಉಳಿಯುವುದು ರಥಸಪ್ತಮಿ. ಅಂದು ಚುಕ್ಕಿ ಸೇರಿಸಿ ಚಕ್ರ, ಮೇಲೆ ಗೋಪುರ, ತುದಿಯಲ್ಲಿ ಬಾವುಟ. ಕೆಮ್ಮಣ್ಣಿನ ಅಂಚು ಕಟ್ಟಿ ಸೂರ್ಯನ ರಥ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಶಾಲೆಗಳಲ್ಲಿ ಪೂರ್ವಸಿದ್ಧತಾ ಪರೀಕ್ಷೆಗಳ ವೇಳಾಪಟ್ಟಿ ಗೋಡೆಗೆ ಬಂದಿರುತ್ತದೆ. ಬೆಳಿಗ್ಗೆ ಐದಕ್ಕೆ ದೀಪ ಹತ್ತುವುದು ಈಗ ಓದುವ ಕೋಣೆಯಲ್ಲಿ, ಅಂಗಳದಲ್ಲಿ ಮತ್ತೆ ನಿತ್ಯದ ನಾಲ್ಕೆಳೆ.